ಕಂಪ್ಯೂಟರ್ ಸ್ಲೋ ಆಗಿದೆಯೇ? ರ‍್ಯಾಮ್ ಕೊಳ್ಳುವ ಮೊದಲು ಇಷ್ಟು ನೋಡಿ

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದರೆ ಮೊದಲು ಸಿಗುವ ಸಲಹೆ ‘ರ‍್ಯಾಮ್ ಜಾಸ್ತಿ ಹಾಕಿಸಿ’ ಎನ್ನುವುದು. ರ‍್ಯಾಮ್ ಎಂದರೆ ತೆರೆದಿರುವ ಕೆಲಸಗಳ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮರಿ. ಎಷ್ಟೋ ಸಲ ಆ ಸಲಹೆ ತಪ್ಪು. ತೊಂದರೆ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದ್ದರೆ 8 ಜಿಬಿಯನ್ನು 16 ಮಾಡಿದರೂ ಕಂಪ್ಯೂಟರ್ ಆನ್ ಆಗುವುದಕ್ಕೆ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿದ ಮೇಲಂತೂ ಊಹೆಯ ಮೇಲೆ ಕೊಳ್ಳುವುದು ದುಬಾರಿ ಜೂಜು. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಸ್ಕ್ರೂಡ್ರೈವರ್ ಹಿಡಿಯಬೇಕಾದ ಕೆಲಸ ಕೊನೆಯ ಕಡೆ ಬರುತ್ತದೆ. ವಿವರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು.

## ಎಲ್ಲಕ್ಕೂ ಮೊದಲು: ನಾಲ್ಕು ಅಂಕಿಗಳು

ದಿನದಲ್ಲಿ ಅತಿ ಹೆಚ್ಚು ಕೆಲಸ ಇರುವ ಹೊತ್ತಿನಲ್ಲಿ ಅಳೆಯಬೇಕು. ನೀವು ಸಾಮಾನ್ಯವಾಗಿ ಒಟ್ಟಿಗೆ ತೆರೆದಿಡುವುದೆಲ್ಲ ತೆರೆದಿರಲಿ: ಬ್ರೌಸರ್ ಟ್ಯಾಬ್‌ಗಳು, ಮಕ್ಕಳ ಆನ್‌ಲೈನ್ ಕ್ಲಾಸಿನ ವಿಡಿಯೋ, ಎಕ್ಸೆಲ್, ಟ್ಯಾಲಿ, ವಾಟ್ಸ್ಆ್ಯಪ್. ಅರ್ಧ ಗಂಟೆ ಹಾಗೇ ಕೆಲಸ ಮಾಡಿ. ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’, ಆಮೇಲೆ ‘ಮೆಮರಿ’.

‘ಇನ್ ಯೂಸ್’ ಎಂದರೆ ಸದ್ಯ ಬಳಕೆಯಲ್ಲಿರುವ ರ‍್ಯಾಮ್. ಅದರ ಪಕ್ಕದಲ್ಲೇ ‘ಕಂಪ್ರೆಸ್ಡ್’ ಎಂಬ ಇನ್ನೊಂದು ಅಂಕಿ ಇರುತ್ತದೆ. ಜಾಗ ಸಾಲದೆ ವಿಂಡೋಸ್ ಹಿಂಡಿ ಇಟ್ಟಿರುವ ಭಾಗ ಅದು. ಒಂದು ಜಿಬಿಗಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಒತ್ತಡ ಶುರುವಾಗಿದೆ ಎಂದು ತಿಳಿಯಿರಿ. ‘ಅವೈಲಬಲ್’ ಎಂದರೆ ಹೊಸ ಪ್ರೋಗ್ರಾಂಗೆ ತಕ್ಷಣ ಕೊಡಬಲ್ಲ ರ‍್ಯಾಮ್. ‘ಕ್ಯಾಶ್ಡ್’ ಬಗ್ಗೆ ಚಿಂತೆ ಬೇಡ, ಬೇಕೆಂದ ಕ್ಷಣ ಬಿಟ್ಟುಕೊಡುವ ಜಾಗ ಅದು.

ನಾಲ್ಕನೆಯದಾದ ‘ಕಮಿಟೆಡ್’ ಎಲ್ಲಕ್ಕಿಂತ ಮುಖ್ಯ. ಆದರೂ ಅದನ್ನು ನೋಡುವವರು ಕಡಿಮೆ. ಎಲ್ಲ ಪ್ರೋಗ್ರಾಂಗಳೂ ಸೇರಿ ಎಷ್ಟು ಮೆಮರಿ ಕೇಳಿ ಪಡೆದಿವೆ ಎಂಬುದನ್ನು ಅದು ಹೇಳುತ್ತದೆ. 13.5/15.8 ಎಂಬಂತೆ ಎರಡು ಅಂಕಿಗಳಿರುತ್ತವೆ. ಎಡಗಡೆಯದು ಕೇಳಿದ್ದು, ಬಲಗಡೆಯದು ರ‍್ಯಾಮ್ ಮತ್ತು ಡಿಸ್ಕ್‌ನಲ್ಲಿರುವ ಪೇಜ್ ಫೈಲ್ (ರ‍್ಯಾಮ್ ಸಾಲದಾದಾಗ ಬಳಸುವ ಜಾಗ) ಸೇರಿದ ಮಿತಿ. ಕೇಳಿದ್ದನ್ನೆಲ್ಲ ಪ್ರೋಗ್ರಾಂಗಳು ಬಳಸಿಯೇ ಬಿಡುವುದಿಲ್ಲ. ಹಾಗಾಗಿ ಎಡಗಡೆಯ ಅಂಕಿ ನಿಜವಾದ ಅಗತ್ಯಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಅತಿ ಹೆಚ್ಚು ಕೆಲಸದ ಹೊತ್ತಿನಲ್ಲೂ ಅದು ನಿಮ್ಮ ರ‍್ಯಾಮ್‌ಗಿಂತ ಕಡಿಮೆ ಇದ್ದರೆ ರ‍್ಯಾಮ್ ಸಾಕಾಗಿದೆ, ಹುಡುಕಾಟವನ್ನು ಬೇರೆ ಕಡೆ ತಿರುಗಿಸಿ.

ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ.

## ಲಕ್ಷಣ: ಬಳಕೆ ಶೇ 70-80 ತೋರಿಸುತ್ತದೆ, ಆದರೆ ಕೆಲಸ ಸಲೀಸಾಗಿ ನಡೆಯುತ್ತಿದೆ

ಇದು ದೋಷವಲ್ಲ. ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೂ ಉಪಯೋಗವಿಲ್ಲ, ಅದಕ್ಕೇ ವಿಂಡೋಸ್ ಅದನ್ನು ತುಂಬಿಸಿಡುತ್ತದೆ. 16 ಜಿಬಿ ಇರುವ ಕಂಪ್ಯೂಟರ್ 8 ಜಿಬಿಯದಕ್ಕಿಂತ ಹೆಚ್ಚು ಬಳಕೆ ತೋರಿಸುವುದೂ ಸಹಜ. ‘ರ‍್ಯಾಮ್ ಕ್ಲೀನರ್’, ‘ಬೂಸ್ಟರ್’ ಹೆಸರಿನ ಪ್ರೋಗ್ರಾಂಗಳನ್ನು ಹಾಕಬೇಡಿ. ಅವು ಮೆಮರಿಯಲ್ಲಿದ್ದ ಮಾಹಿತಿಯನ್ನು ಹೊರತಳ್ಳಿ ಅಂಕಿಯನ್ನು ಇಳಿಸಿ ತೋರಿಸುತ್ತವೆ. ಮರುಕ್ಷಣ ಅದೇ ಮಾಹಿತಿಯನ್ನು ಡಿಸ್ಕ್‌ನಿಂದ ಮತ್ತೆ ಓದಬೇಕಾಗಿ ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ.

## ಲಕ್ಷಣ: ಆನ್ ಮಾಡಿದ ಮೇಲೆ ಐದು-ಹತ್ತು ನಿಮಿಷ ಒದ್ದಾಟ, ಆಮೇಲೆ ಸರಿಹೋಗುತ್ತದೆ

ಬಹುತೇಕ ಡಿಸ್ಕ್‌ನ ತೊಂದರೆ. ಒದ್ದಾಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಡಿಸ್ಕ್’ ಮೇಲೆ ಕ್ಲಿಕ್ ಮಾಡಿ. ಅಲ್ಲಿ ‘ಎಚ್‌ಡಿಡಿ’ (ಹಾರ್ಡ್ ಡಿಸ್ಕ್) ಎಂದು ಬರೆದಿದ್ದು, ‘ಆ್ಯಕ್ಟಿವ್ ಟೈಮ್’ ಶೇ 100ಕ್ಕೆ ಅಂಟಿಕೊಂಡು, ಓದುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು ತುಣುಕು ಮಾಹಿತಿ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕು. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಭಾಗ ಸಾಕು. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಹುಡುಕಾಟಗಳು ನಡೆಯುತ್ತವೆ.

ಖರ್ಚಿಲ್ಲದ ಕ್ರಮ ಮೊದಲು. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ವಿಭಾಗಕ್ಕೆ ಹೋಗಿ, ದಿನಾ ಬೇಡದ್ದನ್ನೆಲ್ಲ ‘ಡಿಸೇಬಲ್’ ಮಾಡಿ. ಪ್ರಿಂಟರ್ ಕಂಪನಿಯ ಸಹಾಯಕ ಪ್ರೋಗ್ರಾಂ, ಗೇಮ್ ಲಾಂಚರ್, ಮೀಟಿಂಗ್ ಆ್ಯಪ್ ಇವೆಲ್ಲ ಬೇಕಾದಾಗ ತೆರೆದರೆ ಸಾಕು. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ಒಂದರ ಫೈಲನ್ನು ಇನ್ನೊಂದು ಪರೀಕ್ಷಿಸುತ್ತಾ ಕೂರುತ್ತದೆ.

ಇಷ್ಟಾದರೂ ಹಾಗೇ ಇದ್ದರೆ ಕೈಯಲ್ಲಿರುವ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕಿ. ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ ನೇರವಾಗಿ ಹೊಂದುತ್ತದೆ. 4 ಜಿಬಿ ಮತ್ತು ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ಗೆ ಎರಡರಲ್ಲಿ ಒಂದನ್ನೇ ಕೊಡಿಸಲು ಸಾಧ್ಯವಿದ್ದರೂ ನಮ್ಮ ಆಯ್ಕೆ ಎಸ್‌ಎಸ್‌ಡಿಯೇ. ರ‍್ಯಾಮ್ ಸಾಲದಾದಾಗ ಬಳಕೆಗೆ ಬರುವ ಪೇಜ್ ಫೈಲ್ ಕೂಡ ಅದರ ಮೇಲೇ ಇರುವುದರಿಂದ ಕೊರತೆಯ ಪೆಟ್ಟೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಪರೀಕ್ಷೆಗಳನ್ನು ಅಲ್ಲಿಗೇ ನಿಲ್ಲಿಸಿ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿಕೊಳ್ಳಿ.

## ಲಕ್ಷಣ: ಟ್ಯಾಬ್ ಬದಲಿಸಿದರೆ ಪುಟ ಮತ್ತೆ ಲೋಡ್ ಆಗುತ್ತದೆ, ಕಿಟಕಿ ಬದಲಿಸಿದರೆ ಹ್ಯಾಂಗ್

ರ‍್ಯಾಮ್ ಕೊರತೆಯ ನಿಜವಾದ ಮುಖ ಇದು. ಆನ್ ಆಗುವಾಗ ತೊಂದರೆಯಿಲ್ಲ, ಒಂದೇ ಕೆಲಸ ಮಾಡುವಾಗಲೂ ಇಲ್ಲ. ಎಕ್ಸೆಲ್‌ನಿಂದ ಬ್ರೌಸರ್‌ಗೆ, ಅಲ್ಲಿಂದ ವಿಡಿಯೋ ಕಾಲ್‌ಗೆ ಹೋಗಿ ಬರುವಾಗ ಪ್ರತಿ ಸಲ ಎರಡು ಮೂರು ಸೆಕೆಂಡ್ ಎಲ್ಲ ಸ್ತಬ್ಧ.

ಖಚಿತಪಡಿಸಿಕೊಳ್ಳಲು ಸ್ಟಾರ್ಟ್ ಮೆನುವಿನಲ್ಲಿ ‘ರಿಸೋರ್ಸ್ ಮಾನಿಟರ್’ ಹುಡುಕಿ, ಅದರ ‘ಮೆಮರಿ’ ವಿಭಾಗದಲ್ಲಿ ‘ಹಾರ್ಡ್ ಫಾಲ್ಟ್ಸ್’ ಗ್ರಾಫ್ ನೋಡಿ. ಹೆಸರು ಹೆದರಿಸುವಂತಿದ್ದರೂ ಅದು ಯಂತ್ರ ಕೆಟ್ಟಿರುವ ಸೂಚನೆಯಲ್ಲ. ರ‍್ಯಾಮ್‌ನಲ್ಲಿ ಸಿಗದ ಮಾಹಿತಿಗಾಗಿ ಡಿಸ್ಕ್‌ಗೆ ಎಷ್ಟು ಸಲ ಓಡಬೇಕಾಯಿತು ಎಂಬ ಲೆಕ್ಕ ಮಾತ್ರ. ಹೊಸ ಪ್ರೋಗ್ರಾಂ ತೆರೆದಾಗ ಒಮ್ಮೆ ಏರಿ ಇಳಿದರೆ ಸರಿ. ಕಿಟಕಿ ಬದಲಿಸಿದಾಗಲೆಲ್ಲ ಸೆಕೆಂಡಿಗೆ ನೂರಾರು ಸಲ ಏರಿ ನಿಮಿಷಗಟ್ಟಲೆ ಅಲ್ಲೇ ಉಳಿದರೆ, ಅದೇ ಹೊತ್ತಿಗೆ ‘ಅವೈಲಬಲ್’ ಅರ್ಧ ಜಿಬಿಯ ಆಸುಪಾಸಿಗೆ ಇಳಿದಿದ್ದರೆ, ಕೊರತೆ ಸಾಬೀತಾಯಿತು.

ಮೂರು ಉದಾಹರಣೆ ತೆಗೆದುಕೊಳ್ಳಿ, ಮೂರೂ 8 ಜಿಬಿಯ ಕಂಪ್ಯೂಟರ್‌ಗಳು. ಒಂದರಲ್ಲಿ ಕಮಿಟೆಡ್ 7.2: ಹೊಸ ರ‍್ಯಾಮ್‌ನಿಂದ ಪ್ರಯೋಜನವಿಲ್ಲ. ಎರಡನೆಯದರಲ್ಲಿ 13.5, ಅವೈಲಬಲ್ 0.4: 16 ಜಿಬಿ ಬೇಕೇ ಬೇಕು, ಹಾಕಿದ ದಿನವೇ ವ್ಯತ್ಯಾಸ ತಿಳಿಯುತ್ತದೆ. ಮೂರನೆಯದರಲ್ಲಿ 9.5, ಅವೈಲಬಲ್ 1.5: ಇಲ್ಲಿ ಅವಸರ ಬೇಡ, ಮೊದಲು ಬ್ರೌಸರ್ ಸರಿಪಡಿಸಿ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಮೂರನೆಯ ಸ್ಥಿತಿ.

ಕ್ರೋಮ್‌ನಲ್ಲಿ ‘ಸೆಟ್ಟಿಂಗ್ಸ್’, ‘ಪರ್ಫಾರ್ಮೆನ್ಸ್’ ಒಳಗೆ ‘ಮೆಮರಿ ಸೇವರ್’ ಇದೆ. ಎಡ್ಜ್‌ನಲ್ಲಿ ಅದೇ ಕೆಲಸಕ್ಕೆ ‘ಸ್ಲೀಪಿಂಗ್ ಟ್ಯಾಬ್ಸ್’. ಆನ್ ಮಾಡಿ. ಆದರೆ ಮುಟ್ಟದೆ ಬಿಟ್ಟ ಟ್ಯಾಬ್‌ಗಳನ್ನು ಮೆಮರಿ ಸೇವರ್ ಕೂಡ ಮತ್ತೆ ಲೋಡ್ ಮಾಡುತ್ತದೆ, ಅದನ್ನು ಕೊರತೆಯ ಲಕ್ಷಣವೆಂದು ಎಣಿಸಬೇಡಿ. ಕ್ರೋಮ್ ತೆರೆದಿರುವಾಗ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿದ ಪುಟ್ಟ ಪ್ರೋಗ್ರಾಂ) ಎಷ್ಟು ನುಂಗುತ್ತಿದೆ ಎಂಬ ಪಟ್ಟಿ ಬರುತ್ತದೆ. ಎಂದೋ ಹಾಕಿ ಮರೆತ ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕಿ ಮತ್ತೊಮ್ಮೆ ಅಳೆಯಿರಿ. ನುಡಿ, ಬರಹದಂಥ ಕನ್ನಡ ತಂತ್ರಾಂಶಗಳ ಮೇಲೆ ಅನುಮಾನ ಪಡಬೇಕಿಲ್ಲ, ಬ್ರೌಸರ್‌ನ ಮುಂದೆ ಅವುಗಳ ಬಳಕೆ ಲೆಕ್ಕಕ್ಕೇ ಬಾರದು.

## ಲಕ್ಷಣ: ‘ಮೆಮರಿ ಕಡಿಮೆಯಾಗಿದೆ’ ಎಂಬ ಎಚ್ಚರಿಕೆ, ಪ್ರೋಗ್ರಾಂಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ

ಕಮಿಟೆಡ್‌ನ ಎಡಗಡೆಯ ಅಂಕಿ ಬಲಗಡೆಯದನ್ನು ಮುಟ್ಟಿದಾಗ ಹೀಗಾಗುತ್ತದೆ. ಸಾಮಾನ್ಯ ಕಾರಣ ಎರಡು: ಸಿ ಡ್ರೈವ್ ತುಂಬಿ ಪೇಜ್ ಫೈಲ್ ಬೆಳೆಯಲು ಜಾಗವಿಲ್ಲ, ಇಲ್ಲವೇ ಯಾರದೋ ಮಾತು ಕೇಳಿ ಪೇಜ್ ಫೈಲನ್ನೇ ಆಫ್ ಮಾಡಲಾಗಿದೆ. ಸಿ ಡ್ರೈವ್‌ನಲ್ಲಿ ಕನಿಷ್ಠ 20 ಜಿಬಿ ಖಾಲಿ ಬಿಡಿ. ಸಿಸ್ಟಂನ ‘ಅಡ್ವಾನ್ಸ್ಡ್’ ಸೆಟ್ಟಿಂಗ್‌ನಲ್ಲಿ ‘ವರ್ಚುಯಲ್ ಮೆಮರಿ’ ತೆರೆದು, ಗಾತ್ರವನ್ನು ವಿಂಡೋಸೇ ನಿರ್ಧರಿಸಲಿ ಎಂಬ ಆಯ್ಕೆಗೆ ಟಿಕ್ ಹಾಕಿ. ಪೇಜ್ ಫೈಲ್ ಆಫ್ ಮಾಡಿದರೆ ವೇಗ ಹೆಚ್ಚುತ್ತದೆ ಎಂಬುದು ಸುಳ್ಳು. ಅದರಿಂದ ಆಗುವುದು ಸೇವ್ ಮಾಡದ ಕೆಲಸದ ನಷ್ಟ ಮಾತ್ರ.

## ಲಕ್ಷಣ: ದಿನದಿಂದ ದಿನಕ್ಕೆ ಬಳಕೆ ಏರುತ್ತದೆ, ಶಟ್ ಡೌನ್ ಮಾಡಿದರೂ ಪೂರ್ತಿ ಇಳಿಯುವುದಿಲ್ಲ

ಪ್ರೋಗ್ರಾಂ ಅಥವಾ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಒಂದು ಪಡೆದ ಮೆಮರಿಯನ್ನು ಹಿಂದಿರುಗಿಸುತ್ತಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಳತಿರುಳು ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೆಯೇ ಎದ್ದು ಬರುತ್ತದೆ. ‘ರೀಸ್ಟಾರ್ಟ್’ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಟಾಸ್ಕ್ ಮ್ಯಾನೇಜರ್‌ನ ‘ಸಿಪಿಯು’ ಪುಟದಲ್ಲಿ ‘ಅಪ್ ಟೈಮ್’ ನೋಡಿ, ದಿನಾ ರಾತ್ರಿ ಆಫ್ ಮಾಡುವ ಕಂಪ್ಯೂಟರ್‌ನಲ್ಲೂ ಅದು ಹತ್ತಾರು ದಿನ ತೋರಿಸುವುದುಂಟು. ರೀಸ್ಟಾರ್ಟ್ ಮಾಡಿ, ‘ಪ್ರೋಸೆಸಸ್’ ಪಟ್ಟಿಯನ್ನು ಮೆಮರಿ ಪ್ರಕಾರ ಜೋಡಿಸಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಸುಮ್ಮನಿದ್ದೂ ಬೆಳೆಯುತ್ತಿರುವ ಪ್ರೋಗ್ರಾಂ ಯಾವುದೋ ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದುಹಾಕಿ. ಸೋರಿಕೆ ಇರುವ ಕಂಪ್ಯೂಟರ್‌ಗೆ ರ‍್ಯಾಮ್ ಹೆಚ್ಚಿಸಿದರೆ ತೊಂದರೆ ಕೆಲವು ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೆ.

## ಲಕ್ಷಣ: 8 ಜಿಬಿ ಇರಬೇಕಾದಲ್ಲಿ 5.9 ಅಥವಾ 3.4 ತೋರಿಸುತ್ತದೆ

ಟಾಸ್ಕ್ ಮ್ಯಾನೇಜರ್‌ನ ‘ಮೆಮರಿ’ ಪುಟದಲ್ಲಿ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬಲ್ಲಿ ಸುಮಾರು 2 ಜಿಬಿ ಕಂಡರೆ, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಅದನ್ನು ಕಾದಿರಿಸಿಕೊಂಡಿದೆ. ಎಎಂಡಿಯ ರೈಜನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಕೆಲವು ಬಯೋಸ್‌ಗಳಲ್ಲಿ (ವಿಂಡೋಸ್‌ಗಿಂತ ಮೊದಲು ಎದ್ದೇಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ‘ಯುಎಂಎ ಫ್ರೇಮ್ ಬಫರ್’ ಎಂಬ ಈ ಕಾದಿರಿಸಿದ ಭಾಗದ ಗಾತ್ರವನ್ನು 512 ಎಂಬಿಗೆ ಇಳಿಸಲು ಬರುತ್ತದೆ. ಬಯೋಸ್ ಮುಟ್ಟುವ ಮೊದಲು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಕೀ ಇಲ್ಲದೆ ಸಿಕ್ಕಿಬಿದ್ದರೆ ನಿಮ್ಮದೇ ಫೈಲುಗಳು ನಿಮಗೇ ಸಿಗುವುದಿಲ್ಲ.

3.4ರ ಆಸುಪಾಸು ತೋರಿಸಿದರೆ 32 ಬಿಟ್ ವಿಂಡೋಸ್ ಇರಬಹುದು. ಅದು 4 ಜಿಬಿಗಿಂತ ಹೆಚ್ಚು ಬಳಸಲಾರದು. 64 ಬಿಟ್ ವಿಂಡೋಸ್ ಹೊಸದಾಗಿ ಹಾಕಬೇಕು, ಫೈಲುಗಳನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಂಡು. ಎರಡೂ ಅಲ್ಲದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಎಂಎಸ್‌ಕಾನ್ಫಿಗ್’ (msconfig) ಹುಡುಕಿ ತೆರೆದು, ‘ಬೂಟ್’ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ‘ಮ್ಯಾಕ್ಸಿಮಮ್ ಮೆಮರಿ’ಗೆ ಟಿಕ್ ಇದ್ದರೆ ತೆಗೆಯಿರಿ. ಸರಿಯಾಗಿ ಅರ್ಧವೇ ಕಾಣೆಯಾಗಿದ್ದರೆ ಒಂದು ಸ್ಟಿಕ್ (ರ‍್ಯಾಮ್ ಚಿಪ್‌ಗಳಿರುವ ಪಟ್ಟಿ) ಸ್ಲಾಟ್‌ನಲ್ಲಿ ಕೂತಿಲ್ಲ, ಇಲ್ಲವೇ ಸತ್ತಿದೆ.

## ಲಕ್ಷಣ: ನೀಲಿ ಪರದೆ, ಫೈಲುಗಳು ಕೆಡುವುದು, ಕಾರಣವಿಲ್ಲದೆ ರೀಸ್ಟಾರ್ಟ್

ಇದು ಕೊರತೆಯಲ್ಲ, ಕೆಟ್ಟ ರ‍್ಯಾಮ್‌ನ ಅನುಮಾನ. ನೀಲಿ ಪರದೆಯಲ್ಲಿ (ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ‘ಮೆಮರಿ ಮ್ಯಾನೇಜ್‌ಮೆಂಟ್’ ಅಥವಾ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದು ಬಂದರೆ, ಅದೂ ಪ್ರತಿ ಸಲ ಬೇರೆ ಬೇರೆ ಸಂದೇಶ ಬಂದರೆ, ಅನುಮಾನ ಗಟ್ಟಿಯಾಗುತ್ತದೆ. ರಿಪೇರಿಗಿಂತ ಮೊದಲು ಮುಖ್ಯ ಫೈಲುಗಳ ಬ್ಯಾಕಪ್ ತೆಗೆದುಕೊಳ್ಳಿ. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಬರೆಯಬೇಡಿ. ಕೆಟ್ಟ ರ‍್ಯಾಮ್ ಮೂಲಕ ಹಾದುಹೋಗುವ ನಕಲಿನಲ್ಲೂ ತಪ್ಪು ನುಸುಳಬಹುದು.

ಬಯೋಸ್‌ನಲ್ಲಿ ‘ಎಕ್ಸ್‌ಎಂಪಿ’ (ರ‍್ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ ಎರಡು ದಿನ ಬಳಸಿ ನೋಡಿ. ಅದರಿಂದಲೇ ಸರಿಹೋದರೆ ಸ್ಟಿಕ್ ಸತ್ತಿಲ್ಲ, ಆ ವೇಗವನ್ನು ತಾಳಿಕೊಳ್ಳಲಾಗುತ್ತಿಲ್ಲ. ಸರಿಹೋಗದಿದ್ದರೆ ‘ವಿಂಡೋಸ್ ಮೆಮರಿ ಡಯಾಗ್ನಾಸ್ಟಿಕ್’ ಓಡಿಸಿ. ಪರೀಕ್ಷೆ ಶುರುವಾದಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿಕೊಳ್ಳಿ. ಅದಕ್ಕೂ ಕಟ್ಟುನಿಟ್ಟಾದದ್ದು ಪೆನ್ ಡ್ರೈವ್‌ನಿಂದ ಓಡುವ ಉಚಿತ ತಂತ್ರಾಂಶ ಮೆಮ್‌ಟೆಸ್ಟ್86+. ರಾತ್ರಿ ಬಿಟ್ಟು ಮಲಗಿ, ಬೆಳಿಗ್ಗೆ ನೋಡಿ. ಸರಿಯಾದ ರ‍್ಯಾಮ್‌ನಲ್ಲಿ ತಪ್ಪುಗಳ ಸಂಖ್ಯೆ ಸೊನ್ನೆಯೇ ಇರಬೇಕು. ಒಂದೇ ತಪ್ಪು ಬಂದರೂ ಒಂದೊಂದೇ ಸ್ಟಿಕ್ ಇಟ್ಟು ಮತ್ತೆ ಪರೀಕ್ಷಿಸಿ. ತಪ್ಪು ಸ್ಟಿಕ್‌ನ ಜೊತೆ ಹೋದರೆ ಸ್ಟಿಕ್ ಬದಲಿಸಿ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ತಪ್ಪು ಬಂದರೆ ತೊಂದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್‌ನದು, ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಸ್ಟಿಕ್‌ಗಳೆಲ್ಲ ಪಾಸಾಗಿಯೂ ನೀಲಿ ಪರದೆ ಬಂದರೆ ಡ್ರೈವರ್, ಡಿಸ್ಕ್, ಪವರ್ ಸಪ್ಲೈ ಕಡೆ ನೋಡಬೇಕು.

## ಲಕ್ಷಣ: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಸದ್ದು

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ನಂತರ ಹೀಗಾದರೆ ಸ್ಟಿಕ್‌ನ ಹಲ್ಲುಗಳ ಮೇಲೆ ತೇವದಿಂದ ಕಟ್ಟಿಕೊಂಡ ಪದರವನ್ನು ಮೊದಲು ಅನುಮಾನಿಸಿ. ತೆಗೆದು ಒರೆಸಿ ಮತ್ತೆ ಕೂರಿಸಿದರೆ ಬಹಳಷ್ಟು ಸಲ ಜೀವ ಬರುತ್ತದೆ.

ಡಬ್ಬ ತೆರೆಯುವ ಮೊದಲು ಪ್ಲಗ್ ಕಿತ್ತುಬಿಡಿ. ಕಂಪ್ಯೂಟರ್ ಯುಪಿಎಸ್‌ಗೆ ಸೇರಿಸಿದ್ದರೆ ಗೋಡೆಯ ಸ್ವಿಚ್ ಆರಿಸಿದರೂ ಒಳಗೆ ವಿದ್ಯುತ್ ಇರುತ್ತದೆ, ಆದ್ದರಿಂದ ಸಿಪಿಯು ಹಿಂದಿನ ಕೇಬಲನ್ನೇ ತೆಗೆಯಬೇಕು. ಪವರ್ ಬಟನನ್ನು 15 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುತ್ ಹರಿದುಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಸ್ಲಾಟ್‌ನ ಕ್ಲಿಪ್ ಸರಿಸಿ, ಸ್ಟಿಕ್‌ನ ಅಂಚು ಹಿಡಿದು ಮೇಲೆತ್ತಿ. ಚಿನ್ನದ ಬಣ್ಣದ ಹಲ್ಲುಗಳನ್ನು ಮೆತ್ತನೆಯ ಬಿಳಿ ರಬ್ಬರ್‌ನಿಂದ ಸ್ಲಾಟ್‌ನಿಂದ ದೂರ ಹಿಡಿದು ಒರೆಸಿ, ಪುಡಿ ಉಳಿಯದಂತೆ ಬ್ರಷ್ ಮಾಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕಿದರೆ ರಬ್ಬರ್‌ಗಿಂತ ಅದೇ ಒಳ್ಳೆಯದು. ನೀರು, ಮರಳು ಕಾಗದ ಬೇಡವೇ ಬೇಡ. ಸ್ಟಿಕ್‌ನ ಅಂಚಿನಲ್ಲಿರುವ ಕಚ್ಚನ್ನು ಸ್ಲಾಟ್‌ಗೆ ಹೊಂದಿಸಿ, ಎರಡೂ ತುದಿಗಳನ್ನು ಸಮನಾಗಿ ಒತ್ತಿ. ‘ಕ್ಲಿಕ್’ ಎನ್ನಬೇಕು. ಲ್ಯಾಪ್‌ಟಾಪ್ ಸ್ಟಿಕ್ ಓರೆಯಾಗಿ ಒಳಗೆ ಹೋಗಿ, ಕೆಳಗೆ ಒತ್ತಿದಾಗ ಕೂರುತ್ತದೆ. ಡಿಡಿಆರ್5 (ರ‍್ಯಾಮ್‌ನ ಹೊಸ ತಲೆಮಾರು) ಇರುವ ಕಂಪ್ಯೂಟರ್‌ನಲ್ಲಿ ರ‍್ಯಾಮ್ ಬದಲಿಸಿದ ನಂತರ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಅದು ಹೊಂದಿಸಿಕೊಳ್ಳುವ ಸಮಯ. ನಡುವೆ ಆಫ್ ಮಾಡಬೇಡಿ.

ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ, ಸ್ಲಾಟ್‌ನ ಪಿನ್ ಬಾಗಿದ್ದರೆ, ಅಥವಾ ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ಮುಂದುವರಿಯದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

## ಹಾಗಾದರೆ ಎಷ್ಟು ಬೇಕು?

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ 4 ಜಿಬಿ. ಅಷ್ಟರಲ್ಲಿ ಅದು ಏಳುತ್ತದೆ, ಆದರೆ ನೆಮ್ಮದಿಯಾಗಿ ಕೆಲಸ ಮಾಡಲಾಗದು, ಅರ್ಧಕ್ಕಿಂತ ಹೆಚ್ಚು ವಿಂಡೋಸ್‌ಗೇ ಹೋಗುತ್ತದೆ. ಬದಲಿಸಲು ಬಾರದ 4 ಜಿಬಿಯ ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುವುದು ಒಳ್ಳೆಯ ದಾರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇದನ್ನು ಗಂಭೀರವಾಗಿ ಯೋಚಿಸಬಹುದು.

ಬ್ಯಾಂಕ್ ಕೆಲಸ, ಟೈಪಿಂಗ್, ವಿಡಿಯೋ ನೋಡುವುದು, ಹತ್ತು ಟ್ಯಾಬ್: 8 ಜಿಬಿ ಮತ್ತು ಎಸ್‌ಎಸ್‌ಡಿ ಸಾಕು. ಮನೆಯಿಂದ ಕಚೇರಿ ಕೆಲಸ, ವಿಡಿಯೋ ಮೀಟಿಂಗ್ ಜೊತೆಗೆ ದೊಡ್ಡ ಎಕ್ಸೆಲ್, ಸಾಮಾನ್ಯ ಗೇಮ್, ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರೋಗ್ರಾಮಿಂಗ್: 16. ಹೊಸದಾಗಿ ಕೊಳ್ಳುವ ಲ್ಯಾಪ್‌ಟಾಪ್‌ನ ರ‍್ಯಾಮ್ ಬೋರ್ಡ್‌ಗೇ ಬೆಸೆದಿದ್ದರೆ ಇಂದಿನ ಅಗತ್ಯ 8 ಇದ್ದರೂ 16ನ್ನೇ ಕೊಳ್ಳಿ, ನಂತರ ಸೇರಿಸಲಾಗದು. 32 ಬೇಕಾಗುವುದು 4ಕೆ ವಿಡಿಯೋ ಎಡಿಟಿಂಗ್, ವರ್ಚುಯಲ್ ಮಷೀನ್, ದೊಡ್ಡ ಫೋಟೊಶಾಪ್ ಕೆಲಸ ಮಾಡುವವರಿಗೆ. ಅದಕ್ಕೂ ಮೇಲೆ ಬೇಕಾದವರಿಗೆ ತಮಗೆ ಬೇಕೆಂಬುದು ಚೆನ್ನಾಗಿಯೇ ಗೊತ್ತಿರುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಊರಿನ ಅಂಗಡಿಯಲ್ಲಾಗಲಿ ಕೊಳ್ಳುವ ಮೊದಲು ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶದ ‘ಎಸ್‌ಪಿಡಿ’ ಪುಟದ ಫೋಟೊ ತೆಗೆದುಕೊಳ್ಳಿ. ಯಾವ ತಲೆಮಾರು, ಯಾವ ವೇಗ ಎಂಬುದು ಅಲ್ಲಿರುತ್ತದೆ. ಡಿಡಿಆರ್3, 4, 5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ. ಡಿಡಿಆರ್3ರಲ್ಲಿ ಇನ್ನೊಂದು ಗುಂಡಿ ಇದೆ: ಹಲವು ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟ್‌ನ ಡಿಡಿಆರ್3ಎಲ್ ಮಾತ್ರ ಆಗುತ್ತದೆ, 1.5 ವೋಲ್ಟ್‌ನದು ಸ್ಲಾಟ್‌ಗೆ ಹೊಂದಿದರೂ ನಡೆಯದು. ‘ಎಎಂಡಿಗೆ ಮಾತ್ರ’ ಎಂದು ಅಗ್ಗವಾಗಿ ಸಿಗುವ ಡಿಡಿಆರ್3 ಸ್ಟಿಕ್ ಇಂಟೆಲ್ ಬೋರ್ಡ್‌ನಲ್ಲಿ ಏಳುವುದಿಲ್ಲ. ಮದರ್‌ಬೋರ್ಡ್ ಒಟ್ಟು ಎಷ್ಟು ಜಿಬಿ ಒಪ್ಪುತ್ತದೆ ಎಂಬುದನ್ನೂ ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಸಾಧ್ಯವಾದರೆ 16ನ್ನು ಎರಡು 8ರ ಜೋಡಿಯಾಗಿ ಹಾಕಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಎರಡು ಚಾನೆಲ್‌ಗಳ (ಎರಡೂ ಸ್ಟಿಕ್‌ಗಳನ್ನು ಒಟ್ಟಿಗೆ ಬಳಸುವ ದಾರಿಗಳ) ಲಾಭ ಗೇಮ್‌ಗಳಲ್ಲಿ ಎದ್ದು ಕಾಣುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಜೋಡಿ ಕೂರಬೇಕಾದ್ದು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ. ಬೇರೆ ಬೇರೆ ವೇಗದ ಸ್ಟಿಕ್ ಬೆರೆಸಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಹೊಂದದೆ ನೀಲಿ ಪರದೆಯನ್ನೂ ತರುತ್ತವೆ. ಅದಕ್ಕೇ ಬಿಲ್ ಪಡೆದು, ಹೊಂದದಿದ್ದರೆ ಬದಲಿಸಿ ಕೊಡುವಿರಾ ಎಂದು ಅಲ್ಲೇ ಕೇಳಿಕೊಳ್ಳಿ. ಹಾಕಿದ ರಾತ್ರಿಯೇ ಮೆಮ್‌ಟೆಸ್ಟ್86+ ಓಡಿಸಿ, ಮರುದಿನ ಅದೇ ಕೆಲಸದ ಹೊತ್ತಿನಲ್ಲಿ ನಾಲ್ಕು ಅಂಕಿಗಳನ್ನು ಮತ್ತೆ ಬರೆದುಕೊಳ್ಳಿ. ‘ಅವೈಲಬಲ್’ ಎರಡು ಜಿಬಿಗಿಂತ ಮೇಲಿದ್ದು ಹಾರ್ಡ್ ಫಾಲ್ಟ್ಸ್ ಗ್ರಾಫ್ ತಣ್ಣಗಿದ್ದೂ ಹ್ಯಾಂಗ್ ಹಾಗೇ ಉಳಿದಿದ್ದರೆ, ಬದಲಿಸುವ ಅವಧಿ ಮುಗಿಯುವ ಮೊದಲೇ ಸ್ಟಿಕ್ ಹಿಂದಿರುಗಿಸಿ, ಡಿಸ್ಕ್‌ನ ಪರೀಕ್ಷೆಗೆ ಹೋಗಿ.